ಅರ್ಧ ಮನೆಯ ಸೊಗಸು

ದೇಶದೇಶಗಳ ಹೊಸ ಮನೆಗಳ ಚಿತ್ರಗಳನ್ನು ಕಾಣುವುದು ಇಂದು ಬಲು ಸುಲಭ. ಗಾಜಿನ ಗೋಡೆ, ಬಿಳಿಯ ಹಜಾರ, ಇಟ್ಟ ವಸ್ತು ಇಟ್ಟಲ್ಲೇ ಇರುವ ಒಳಾಂಗಣ, ಇವನ್ನು ಕಂಡು ಕಣ್ಣು ತಣಿಯುವುದು ಸಹಜ. ಚೆಲುವನ್ನು ಮೆಚ್ಚುವುದರಲ್ಲಿ ದೋಷವೇನೂ ಇಲ್ಲ. ಆದರೆ ಆ ಚಿತ್ರಗಳಲ್ಲಿ ಒಣಹಾಕಿದ ಬಟ್ಟೆಯಿಲ್ಲ, ಮಗು ಗೀಚಿದ ಗೋಡೆಯಿಲ್ಲ. ಮನೆಯಿರುವುದು ನೋಟಕ್ಕೋ ಬಾಳಿಗೋ ಎಂಬ ಪ್ರಶ್ನೆ ಏಳದಿರದು.

ನಮ್ಮ ಕಾಲದ ಕೆಲವು ವಾಸ್ತುಶಿಲ್ಪಿಗಳು ಇದಕ್ಕೆ ಕೊಟ್ಟಿರುವ ಉತ್ತರ ಮನನೀಯವಾದುದು. ಚಿಲಿ ದೇಶದ ಇಕಿಕೆ ನಗರದ ನಡುವೆ, ಅರ್ಧ ಹೆಕ್ಟೇರು ನೆಲದಲ್ಲಿ, ಸುಮಾರು ನೂರು ಬಡ ಕುಟುಂಬಗಳು ಮೂವತ್ತು ವರ್ಷ ಗುಡಿಸಲುಗಳಲ್ಲಿ ಬಾಳಿದ್ದವು. ಅವರನ್ನು ಊರಾಚೆಗೆ ಅಟ್ಟದೆ ಅಲ್ಲಿಯೇ ನೆಲೆಗೊಳಿಸಬೇಕಾಗಿತ್ತು. ಸರ್ಕಾರದ ನೆರವಾದರೋ ಕುಟುಂಬಕ್ಕೆ 7,500 ಡಾಲರು. ನೆಲದ ಬೆಲೆಯೂ ಅದರಲ್ಲಿಯೇ ಸೇರಬೇಕು. ಆ ಹಣಕ್ಕೆ ಒಳ್ಳೆಯ ಮನೆಯೊಂದರ ಅರ್ಧ ಮಾತ್ರ ಸಾಧ್ಯ. ಅಲೆಹಾಂಡ್ರೊ ಅರವೇನಾ ಮತ್ತು ಸಂಗಡಿಗರು ಆ ಅರ್ಧವನ್ನೇ ಕಟ್ಟಿದರು. ಬಡವನು ತಾನಾಗಿ ಕಟ್ಟಿಕೊಳ್ಳಲಾರದ ಗಟ್ಟಿ ಗೋಡೆ, ಮೆಟ್ಟಿಲು, ಅಡುಗೆಮನೆ, ಬಚ್ಚಲುಗಳನ್ನು 2004ರಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ಬರಿದೆ ಬಿಟ್ಟರು. ನಿವಾಸಿಗಳು ಕೈಗೂಡಿದಂತೆ ಅದನ್ನು ತುಂಬಿಕೊಂಡರು.

ಈ ದಾರಿಯನ್ನು ಬಾಲಕೃಷ್ಣ ದೋಷಿಯವರು 1980ರ ದಶಕದಲ್ಲಿಯೇ ಇಂದೂರಿನ ಅರಣ್ಯ ಬಡಾವಣೆಯಲ್ಲಿ ತುಳಿದಿದ್ದರು. ತಳಪಾಯ, ನೀರು, ಶೌಚಾಲಯಗಳು ಯೋಜನೆಯ ಪಾಲು. ಮೇಲಿನ ಮನೆ ಬಾಳುವವರ ಪಾಲು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಆನ್ ಲಕಾತೋ, ಜಾನ್ ಫಿಲಿಪ್ ವಾಸಾಲ್ ಮತ್ತು ಜೊತೆಗಾರರು 530 ಮನೆಗಳ ಹಳೆಯ ಸಮುಚ್ಚಯವನ್ನು ಕೆಡವಲಿಲ್ಲ. ನಿವಾಸಿಗಳು ಒಳಗಿರುವಂತೆಯೇ ಹೊರಗೋಡೆಗೆ ಬೆಳಕು ತುಂಬಿದ ಜಗಲಿಗಳನ್ನು ಜೋಡಿಸಿದರು. ಅಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ವಿಧಿಸಲಿಲ್ಲ. ಅರವೇನಾ, ದೋಷಿ, ಲಕಾತೋ-ವಾಸಾಲ್ ಇವರಿಗೆ ಕ್ರಮವಾಗಿ 2016, 2018, 2021ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದುದು ಉಚಿತವೇ ಆಗಿದೆ.

ಅರ್ಧ ಮನೆಯೆಂದರೆ ಸರ್ಕಾರದ ಹೊಣೆಯನ್ನು ಬಡವನ ಹೆಗಲಿಗೇರಿಸಿದಂತೆ ಎಂಬ ಆಕ್ಷೇಪವುಂಟು, ಅದು ತಳ್ಳಿಹಾಕತಕ್ಕುದಲ್ಲ. ಆದರೂ ಕುಗ್ಗಿಸಿ ಮುಗಿಸಿದ ಮನೆ ಎಂದೆಂದಿಗೂ ಕಿರಿದೇ. ಅರ್ಧ ಮನೆ ಬೆಳೆಯಬಲ್ಲುದು.

ಕವಿ ಹೇಳದೆ ಉಳಿಸಿದುದನ್ನು ಸಹೃದಯನು ತುಂಬಿಕೊಂಡಾಗಲೇ ಕಾವ್ಯಕ್ಕೆ ಧ್ವನಿ ಬರುವುದಷ್ಟೆ. ಮನೆಯ ಮಾತೂ ಹೀಗೆಯೇ. ಬಡವರಿಗಾಗಿ ಎಷ್ಟು ಮನೆ ಕಟ್ಟಿದೆವೆಂದು ನಾವು ಎಣಿಸುತ್ತೇವೆ. ಮಗನ ಮದುವೆಯ ಹೊತ್ತಿಗೆ ಒಂದು ಕೋಣೆ ಸೇರಿಸಲು ಎಡೆಯಿಟ್ಟೆವೆ ಎಂದು ಕೇಳುವುದು ವಿರಳ. ಇನ್ನಾದರೂ ಕೇಳಬೇಡವೆ?