ತಿಳಿಯದ ಭಾಷೆಗೆ ಸಹಿ ಹಾಕಬೇಡಿ!

ಕನ್ನಡದ ಗೆಳೆಯರೇ, ಹೊಸ ಔಷಧಿಯ ಪ್ರಯೋಗಕ್ಕೆ ಮೈಯೊಡ್ಡಿ ಎನ್ನುವವರು ನಿಮ್ಮ ಕೈಗೊಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಅದು ಯಾವ ಭಾಷೆಯಲ್ಲಿದೆ, ಮೊದಲು ನೋಡಿ!

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಅಮೆರಿಕದ ಪಾತ್ ಸಂಸ್ಥೆ, ಕೇಂದ್ರದ ಐಸಿಎಂಆರ್ ಜೊತೆಗೂಡಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಸಿತು. 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು! 1,948ರಲ್ಲಿ ಹೆಬ್ಬೆಟ್ಟು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಖಂಡಿಸಿತು. ಲಸಿಕೆ ಕೆಟ್ಟದ್ದೆಂದಲ್ಲ, ಹೆತ್ತವರಿಗೆ ತಿಳಿಸದೆ ಚುಚ್ಚಿದ್ದು ಅನ್ಯಾಯ. ಕಾಯಬೇಕಾದ ಸರ್ಕಾರವೇ ಪಾಲುದಾರನಾದರೆ ಕೇಳುವವರು ಯಾರು?

2019ರ ಕೇಂದ್ರ ನಿಯಮ ಸ್ಪಷ್ಟವಾಗಿದೆ. ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಪ್ರತಿ ನಿಮಗೆ ಸಿಗಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ನಿಮ್ಮ ಹಕ್ಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯನಲ್ಲದ ಜನಸಾಮಾನ್ಯನೊಬ್ಬ ಇರಲೇಬೇಕು.

ನಮ್ಮ ಬೇಡಿಕೆ ಇಷ್ಟೇ: ಕರ್ನಾಟಕದಲ್ಲಿ ಆ ಜನಸಾಮಾನ್ಯ ಕನ್ನಡ ಓದಬಲ್ಲವನಾಗಿರಲಿ. ಕನ್ನಡದ ಪತ್ರವನ್ನು ಅವನು ಓದಿ, ಅರ್ಥವಾಯಿತು ಎಂದ ಮೇಲೆಯೇ ಅನುಮತಿ ಸಿಗಲಿ. ಪಂಡಿತರ ಕನ್ನಡ ಬೇಡ, ಆಟೋ ಓಡಿಸುವ ಅಣ್ಣನಿಗೆ ತಿಳಿಯುವ ಕನ್ನಡ ಬೇಕು.

ಹಣದಾಸೆಗೆ ಅವಸರಪಡಬೇಡಿ. ಕನ್ನಡದ ಪತ್ರ ಕೇಳಿ. ಕೊಡದಿದ್ದರೆ ಎದ್ದು ಬನ್ನಿ!