ಬೇಸಿಗೆ ಬಂತೆಂದು ಪಮೇರಿಯನ್ ಮೈ ಬೋಳಿಸಬೇಡಿ

ಮಾರ್ಚ್ ಬಂತೆಂದರೆ ನಾಯಿಗಳ ಗ್ರೂಮಿಂಗ್ ಪಾರ್ಲರ್‌ಗಳಲ್ಲಿ ಟ್ರಿಮ್ಮರ್‌ಗೆ ಬಿಡುವಿರುವುದಿಲ್ಲ. ‘ಪಾಪ, ಮೂಕಪ್ರಾಣಿ, ಎಷ್ಟು ಸೆಕೆಯಾಗುತ್ತದೋ’ ಎಂದು ಮರುಗಿ ಮನೆಯವರು ಪಮೇರಿಯನ್ ನಾಯಿಯನ್ನು ಎತ್ತಿಕೊಂಡು ಬರುತ್ತಾರೆ. ಸ್ವಲ್ಪ ಹೊತ್ತಿಗೆ ಅದರ ಮೈ ನುಣ್ಣಗಾಗಿರುತ್ತದೆ. ಅವರ ಮನಸ್ಸಿನಲ್ಲಿ ಕೆಡುಕಿಲ್ಲ, ಆದರೆ ಇದರಿಂದ ನಾಯಿಗೆ ಉಪಕಾರವೂ ಇಲ್ಲ.

ಪಮೇರಿಯನ್ ಮೈಮೇಲೆ ಇರುವುದು ಎರಡು ಪದರದ ಕೂದಲು. ಮೇಲಿನದು ಉದ್ದ, ಒರಟು. ಬಿಸಿಲನ್ನೂ ಮಳೆಯನ್ನೂ ತಡೆಯುವುದು ಅದೇ. ಒಳಗಿನದು ಹತ್ತಿಯಂತೆ ಮೃದು, ದಟ್ಟ. ಈ ಕೂದಲ ನಡುವೆ ನಿಲ್ಲುವ ಗಾಳಿ ಚಳಿಯಲ್ಲಿ ಮೈಬಿಸಿ ಕಾಯುತ್ತದೆ, ಬಿಸಿಲಲ್ಲಿ ಹೊರಗಿನ ಕಾವು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಮನುಷ್ಯರಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಅಷ್ಟಿಷ್ಟು ಬೆವರುತ್ತದೆ, ಉಳಿದ ಕಾವನ್ನು ನಾಲಗೆ ಚಾಚಿ ತೇಕಿ ಹೊರಹಾಕುತ್ತದೆ. ಹಾಗಾಗಿ ಕೂದಲು ಬೋಳಿಸಿದರೆ ತಂಪಾಗುತ್ತದೆ ಎನ್ನುವುದು ನಮ್ಮ ತಲೆಯ ಲೆಕ್ಕವೇ ಹೊರತು ನಾಯಿಯ ಮೈಯ ಲೆಕ್ಕವಲ್ಲ.

ಬೋಳಿಸಿದ ಮೇಲೆ ಆಗುವುದೇನು? ಒಳಪದರ ಬೇಗ ಬರುತ್ತದೆ, ಮೇಲಿನ ಕೂದಲು ನಿಧಾನ. ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಬರುವುದಿಲ್ಲ, ಇನ್ನು ಕೆಲವಕ್ಕೆ ಮೊದಲಿನಂತೆ ಬರುವುದೇ ಇಲ್ಲ. ಬೆನ್ನು, ತೊಡೆಗಳಲ್ಲಿ ಕೂದಲಿಲ್ಲದ ತೇಪೆಗಳು ಉಳಿದು ಚರ್ಮ ಕಪ್ಪಾಗುವುದೂ ಉಂಟು. ಅಲೊಪೇಶಿಯಾ ಎಕ್ಸ್ ಎಂಬ ಕೂದಲುದುರುವ ತೊಂದರೆ ಈ ತಳಿಯಲ್ಲಿ ಮೊದಲೇ ಹೆಚ್ಚು. ಶಸ್ತ್ರಚಿಕಿತ್ಸೆ, ಗಾಯ ಅಥವಾ ಬಿಡಿಸಲಾಗದಷ್ಟು ಗಂಟು ಇದ್ದಾಗ ಪಶುವೈದ್ಯರು ಕತ್ತರಿಸುವುದು ಬೇರೆ ಮಾತು. ಪಾದದ ಸಂದಿ, ಬಾಲದ ಕೆಳಗೆ ಶುಚಿಗಾಗಿ ಸ್ವಲ್ಪ ಕತ್ತರಿಸಿದರೂ ತಪ್ಪಿಲ್ಲ.

ಈ ದಪ್ಪ ಕೂದಲು ಬಂದದ್ದು ಚಳಿನಾಡಿನಿಂದ. ತಳಿಗೆ ಹೆಸರು ಕೊಟ್ಟ ಪಾಮರೇನಿಯಾ ಬಾಲ್ಟಿಕ್ ಕಡಲಂಚಿನ ಸೀಮೆ. ಈಗ ಪೋಲೆಂಡ್ ಮತ್ತು ಜರ್ಮನಿಯಲ್ಲಿ ಹಂಚಿಹೋಗಿದೆ. ಹಿಂದೆ ಈ ನಾಯಿಗಳು ಇಷ್ಟು ಪುಟ್ಟವಾಗಿರಲಿಲ್ಲ. 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋಗಿದ್ದ ವಿಕ್ಟೋರಿಯಾ ರಾಣಿ ಮಾರ್ಕೊ ಎಂಬ ಪುಟ್ಟ ನಾಯಿಯನ್ನು ತಂದ ಮೇಲೆ ಇಂಗ್ಲೆಂಡಿನಲ್ಲಿ ಸಣ್ಣ ಗಾತ್ರದ್ದೇ ಫ್ಯಾಷನ್ ಆಯಿತು. ಇಂದು ಅಮೆರಿಕದ ಮಾನದಂಡದಂತೆ ಪಮೇರಿಯನ್ ತೂಕ ಸುಮಾರು ಮೂರು ಕಿಲೋ ದಾಟುವಂತಿಲ್ಲ. ನಮ್ಮ ಮನೆಗಳಲ್ಲಿ ಗೇಟಿನ ಹಿಂದೆ ನಿಂತು ಅಂಚೆಯವನನ್ನು ಗದರುತ್ತಿದ್ದ ಬಿಳಿಯ ‘ಪಾಮಿ’ಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್, ಬ್ರಿಟಿಷರ ಕಾಲದಲ್ಲಿ ಇಲ್ಲಿಯೇ ಬೆಳೆಸಿದ, ಸೆಕೆಗೆ ಸ್ವಲ್ಪ ಹೆಚ್ಚು ಒಗ್ಗಿದ, ಗಾತ್ರದಲ್ಲೂ ದೊಡ್ಡದಾದ ತಳಿ. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದಲ್ಲಿ ಪತ್ರ ಹೊತ್ತೊಯ್ದು ಕತೆಯ ಗಂಟು ಬಿಡಿಸಿದ ಟಫಿಯೂ ಇದೇ ಕುಲದ್ದು. ಎರಡೂ ತಳಿಗಳಿಗೆ ಕೂದಲ ಆರೈಕೆ ಒಂದೇ.

ಆರೈಕೆ ಎಂದರೆ ಬಾಚುವುದು. ವಾರಕ್ಕೆ ಎರಡು ಮೂರು ಸಲ, ಮೇಲಿಂದ ಮೇಲೆ ಸವರದೆ, ಕೂದಲನ್ನು ಪದರ ಪದರವಾಗಿ ಬಿಡಿಸಿ ಬುಡದವರೆಗೆ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಬೇಗ ಕಟ್ಟುತ್ತದೆ. ಸೆಕೆಗೆ ನಾಯಿ ನರಳುವಂತೆ ಮಾಡುವುದು ಈ ಗಂಟು ಮತ್ತು ಉದುರಿಯೂ ಒಳಗೇ ಸಿಕ್ಕಿಕೊಂಡ ಸತ್ತ ಕೂದಲು. ಅದು ಗಾಳಿಯಾಡಲು ಬಿಡುವುದಿಲ್ಲ. ಸೋಫಾ ತುಂಬ ಕೂದಲು ಎಂದು ಗೊಣಗುವವರು ಅದನ್ನು ಮೊದಲೇ ಬಾಚಣಿಗೆಯಲ್ಲಿ ಹಿಡಿಯಬಹುದಲ್ಲ!

ಬಾಚುವಾಗ ಉಣ್ಣಿಗಳೂ ಕಣ್ಣಿಗೆ ಬೀಳುತ್ತವೆ. ದಟ್ಟ ಕೂದಲಿನಲ್ಲಿ ಅವು ಅಡಗಿ ಕೂರುತ್ತವೆ. ಅವುಗಳಿಂದ ಬರುವ ಟಿಕ್ ಫೀವರ್ ನಾಯಿಯ ಪ್ರಾಣಕ್ಕೇ ಎರವಾಗಬಲ್ಲದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ: ಮೇಲೆ ಒಣಗಿದಂತೆ ಕಂಡರೂ ಒಳಪದರ ಒದ್ದೆಯಾಗಿಯೇ ಉಳಿದು ಚರ್ಮ ಹುಣ್ಣಾಗುತ್ತದೆ. ಸ್ನಾನ ಮಾಡಿಸಿದರೆ ಬುಡದವರೆಗೆ ಒಣಗಿಸಬೇಕು. ಮನೆಮಂದಿ ಹಚ್ಚಿಕೊಳ್ಳುವ ಶ್ಯಾಂಪೂ ಬೇಡ.

ಹಾಗೆಂದು ಕೂದಲು ಇದ್ದರೆ ಸಾಕು, ಸೆಕೆ ತಾಗುವುದಿಲ್ಲ ಎಂದುಕೊಳ್ಳುವುದೂ ತಪ್ಪು. ನಾಯಿಯ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದಕ್ಕೆ ನೆರಳು, ನೀರು, ಫ್ಯಾನು ಬೇಕೇ ಬೇಕು. ವಾಕಿಂಗ್ ಏನಿದ್ದರೂ ಬಿಸಿಲೇರುವ ಮೊದಲು. ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯುವುದಕ್ಕಿಂತ ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು, ಏಕೆಂದರೆ ಈ ಪುಟ್ಟ ತಳಿಯ ಶ್ವಾಸನಾಳ ಬಲು ಸೂಕ್ಷ್ಮ.

ಈಗ ಮಹಾನಗರಗಳಲ್ಲಿ ಪಮೇರಿಯನ್ ಜಾಗಕ್ಕೆ ಸೈಬೀರಿಯನ್ ಹಸ್ಕಿ ಬರುತ್ತಿದೆ. ಕೂದಲು ಇನ್ನೂ ದಟ್ಟ, ಓಟದ ಹಸಿವು ಇನ್ನೂ ದೊಡ್ಡದು. ಬಾಚಲು ವಾರದಲ್ಲಿ ಒಂದು ಗಂಟೆಯೂ ಸಿಗದ ಮನೆಗೆ ಎರಡೂ ತಕ್ಕವಲ್ಲ. ಅಂಥವರಿಗೆ ಗಿಡ್ಡ ಕೂದಲಿನ ಬೀದಿನಾಯಿ ಮರಿಯೇ ಲೇಸು. ಈಗಾಗಲೇ ಸಾಕಿರುವವರು ಈ ಬೇಸಿಗೆಯಲ್ಲಿ ಪಾರ್ಲರ್‌ಗೆ ಹೋದರೆ, ಸತ್ತ ಕೂದಲು ತೆಗೆದು ಬಾಚಿಕೊಡಿ, ಟ್ರಿಮ್ಮರ್ ಮುಟ್ಟಿಸಬೇಡಿ ಎಂದು ಮೊದಲೇ ಹೇಳಿ.