ಲ್ಯಾಂಬೆತ್‌ಗೆ ಮತ, ಸಾಲಗುಂದಕ್ಕೆ ಅಧಿಕಾರಿಯೆ?

2010ನೆಯ ಮೇ 6ರಂದು ಲಂಡನ್ನಿನ ಲ್ಯಾಂಬೆತ್ ಪೌರಸಭೆಗೆ ಚುನಾವಣೆ ನಡೆಯಿತು. 63 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 44, ಲಿಬರಲ್ ಡೆಮೊಕ್ರಾಟರಿಗೆ 15, ಕನ್ಸರ್ವೇಟಿವರಿಗೆ 4 ಲಭಿಸಿದವು. ಆ ವರ್ಷ ಅಲ್ಲಿಯ ಮೇಯರ್ ಪೀಠವನ್ನೇರಿದವರು ಕಲಬುರಗಿ ಸೀಮೆಯ ಕನ್ನಡಿಗರಾದ ಡಾ. ನೀರಜ ಪಾಟೀಲರು. ವಾಚಕರು ಹೆಮ್ಮೆಪಟ್ಟರು, ನಾವೂ ಪಟ್ಟೆವು. ಆದರೆ ಹೆಮ್ಮೆಯ ಬೆನ್ನಿಗೇ ನಾಚಿಕೆಯೂ ಬರಬೇಕಲ್ಲವೆ?

ಲ್ಯಾಂಬೆತ್ತಿನ ಜನರು 2014, 2018, 2022ರಲ್ಲಿಯೂ ತಪ್ಪದೆ ಮತವಿತ್ತರು. ಸಿಂಧನೂರು ತಾಲೂಕಿನ ಸಾಲಗುಂದದವರು ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಮತವಿತ್ತುದು 2016ರಲ್ಲಿ. 2021ರಲ್ಲಿ ಅವಧಿ ತೀರಿತು; ಕ್ಷೇತ್ರವಿಂಗಡಣೆ, ಮೀಸಲಾತಿಗಳ ನೆವದಲ್ಲಿ 2024 ಕಳೆದರೂ ಚುನಾವಣೆ ನಡೆಯಲಿಲ್ಲ. ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿಯು ಸಾರುತ್ತಿದ್ದರೂ, ಪ್ರತಿನಿಧಿಗಳ ಪೀಠದಲ್ಲಿ ಕುಳಿತವರು ಆಡಳಿತಾಧಿಕಾರಿಗಳು!

ನಿಜಾಮನ ಕಾಲದಲ್ಲಿ ರಾಯಚೂರನ್ನು ತಾಲೂಕದಾರರು ಆಳಿದರು. 1956ರಲ್ಲಿ ನಾವು ಒಂದಾದುದು ಅಧಿಕಾರಿಯ ಹೆಸರನ್ನು ಬದಲಿಸುವುದಕ್ಕಲ್ಲ. ನಮ್ಮನ್ನು ನಾವೇ ಆಳಿಕೊಳ್ಳುವುದಕ್ಕೆ. ಥೇಮ್ಸ್ ದಂಡೆಯಲ್ಲಿ ಕನ್ನಡಿಗನಿಗೆ ದೊರೆತ ಹಕ್ಕು ತುಂಗಭದ್ರೆಯ ಕಾಲುವೆಯ ದಂಡೆಯಲ್ಲೇಕೆ ದೊರೆಯಬಾರದು? ಶಿಕ್ಷಕರೇ, ಪಟ್ಟಣಿಗರೇ, ಗಟ್ಟಿಯಾಗಿ ಕೇಳಿರಿ. ಕೇಳದವನ ಮನೆಬಾಗಿಲಿಗೆ ಮತಪೆಟ್ಟಿಗೆ ತಾನಾಗಿ ನಡೆದು ಬಾರದು.